ಜಲಸಂಗಿಯಲ್ಲಿ ಬರೆಯುತ್ತ ನಿಂತವಳು

ಹುಮನಾಬಾದ್‌ನಿಂದ ಜಲಸಂಗಿಗೆ ಸುಮಾರು 10 ಕಿಲೋಮೀಟರ್ ದಾರಿ. ಇಕ್ಕೆಲದಲ್ಲೂ ತೊಗರಿ ಹೊಲ, ನಡುನಡುವೆ ಕಬ್ಬು, ಅಲ್ಲಲ್ಲಿ ಬೇವಿನ ಮರ. ಊರು ಚಿಕ್ಕದು. ಹೆಸರಿನಲ್ಲಿ ಮಾತ್ರ ನೀರು ತುಂಬಿದೆ. ಕಡಲು ಇಲ್ಲಿಂದ ನೂರಾರು ಮೈಲಿ ದೂರ. ಆದರೂ ಈ ಊರಿನ ಹಳೆಯ ಶಿವಾಲಯದ ಗೋಡೆಯ ಮೇಲೆ ಏಳು ದ್ವೀಪಗಳ ಮಾತು ಕೆತ್ತಿದೆ. ಅದನ್ನು ಕೆತ್ತಿದವನು ಶಿಲ್ಪಿ. ಆದರೆ ಅದನ್ನು ಬರೆಯುತ್ತಿರುವವಳು ಒಬ್ಬ ಹೆಣ್ಣುಮಗಳು, ಅವಳೂ ಕಲ್ಲಿನವಳೇ.

ಬಸವಕಲ್ಯಾಣಕ್ಕೆ ಹೋಗುವವರು ಬಹಳ ಮಂದಿ. ಜಲಸಂಗಿಗೆ ಬರುವವರು ಕಡಿಮೆ. ದಸರಾ ರಜೆಯಲ್ಲಿ ಆರನೆಯ ತರಗತಿಯ ಮೊಮ್ಮಗಳನ್ನೂ ಎಂಬತ್ತು ದಾಟಿದ ನಮ್ಮ ಅಕ್ಕನನ್ನೂ ಕರೆದುಕೊಂಡು ನಾನು ಎರಡೂ ಊರು ನೋಡಿ ಬಂದೆ. ಮೊದಲು ಜಲಸಂಗಿ, ಆಮೇಲೆ ಕಲ್ಯಾಣ. ಹೀಗೆ ಹೋದರೇ ಸರಿ ಎಂದು ಈಗ ನನಗೆ ಅನ್ನಿಸುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಕಲ್ಲಿನ ಗೆಳತಿಯರು

ಈ ಗುಡಿ ಕಲ್ಯಾಣದ ಚಾಲುಕ್ಯರ ಕಾಲದ್ದು. ಆಗ ಆಳುತ್ತಿದ್ದವನು ಆರನೆಯ ವಿಕ್ರಮಾದಿತ್ಯ. 1076ರಲ್ಲಿ ಪಟ್ಟಕ್ಕೆ ಬಂದು ಸುಮಾರು ಐವತ್ತು ವರ್ಷ ಆಳಿದ. ಹಳೆಯ ಶಕವರ್ಷದ ಲೆಕ್ಕವನ್ನು ಬದಿಗಿಟ್ಟು ತನ್ನ ಪಟ್ಟಾಭಿಷೇಕದಿಂದಲೇ ಹೊಸ ಎಣಿಕೆ ಶುರು ಮಾಡಿದ. ಅದಕ್ಕೆ ಚಾಲುಕ್ಯ ವಿಕ್ರಮ ಶಕೆ ಎಂದು ಹೆಸರು. ಅವನ ರಾಜಧಾನಿ ಕಲ್ಯಾಣ, ಅಂದರೆ ಇಂದಿನ ನಮ್ಮ ಬಸವಕಲ್ಯಾಣ. ಕಾಶ್ಮೀರದ ಬಿಲ್ಹಣ ಕವಿ ಅಷ್ಟು ದೂರದಿಂದ ಬಂದು ಈ ಅರಸನ ಆಸ್ಥಾನ ಸೇರಿ ಅವನ ಮೇಲೆ 'ವಿಕ್ರಮಾಂಕದೇವಚರಿತ' ಎಂಬ ಕಾವ್ಯ ಬರೆದ. ವಿಜ್ಞಾನೇಶ್ವರ 'ಮಿತಾಕ್ಷರ' ಎಂಬ ಧರ್ಮಶಾಸ್ತ್ರದ ಗ್ರಂಥ ಬರೆದದ್ದೂ ಇದೇ ಕಾಲದಲ್ಲಿ. ಆಸ್ತಿ ಹಂಚಿಕೆಯ ವ್ಯಾಜ್ಯಗಳಲ್ಲಿ ಬ್ರಿಟಿಷರ ಕಾಲದ ಕೋರ್ಟುಗಳೂ ಆ ಗ್ರಂಥವನ್ನು ನೋಡುತ್ತಿದ್ದವು.

ಗುಡಿಯ ಒಳಗೆ ಲಿಂಗವಿದೆ. ತಂಪು, ಅರೆಗತ್ತಲೆ, ಎಣ್ಣೆಯ ವಾಸನೆ. ಅಕ್ಕ ಕೈಮುಗಿದು, ಹಣೆಗೆ ವಿಭೂತಿ ಹಚ್ಚಿಕೊಂಡು, ಕಂಬಕ್ಕೆ ಒರಗಿ ಕುಳಿತಳು. ಮೊಮ್ಮಗಳಿಗೆ ಒಳಗೆ ಕೂರುವ ತಾಳ್ಮೆ ಇರಲಿಲ್ಲ. ಹೊರಗೋಡೆ ಸುತ್ತಲು ಓಡಿದಳು.

ಈ ಗುಡಿಯ ನಿಜವಾದ ಸಿರಿ ಇರುವುದು ಹೊರಗೋಡೆಯಲ್ಲೇ. ಶಿಲಾಬಾಲಿಕೆಯರು ಅಲ್ಲಿ ಸಾಲಾಗಿ ನಿಂತಿದ್ದಾರೆ. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ, ಒಬ್ಬಳು ಕುಣಿಯುತ್ತಿದ್ದಾಳೆ, ಇನ್ನೊಬ್ಬಳಿಗೆ ಕೋತಿಯ ಕಾಟ. ಬೇಲೂರಿನ ಮದನಿಕೆಯರನ್ನು ನೋಡಿದ ಮಕ್ಕಳಿಗೆ ಇವರು ಪರಿಚಯದವರಂತೆ ಕಾಣುತ್ತಾರೆ. ಹೊಯ್ಸಳರು ಮೊದಲು ಚಾಲುಕ್ಯರ ಸಾಮಂತರಾಗಿದ್ದವರು. ಹಾಗಾಗಿ ಜಲಸಂಗಿಯ ಈ ಹೆಣ್ಣುಮಕ್ಕಳನ್ನು ಬೇಲೂರಿನವರ ಅಕ್ಕಂದಿರು ಎಂದರೂ ತಪ್ಪಾಗದು. ಮಳೆ ಬಿಸಿಲಿಗೆ ಕೆಲವರ ಮೂಗು ಸವೆದಿದೆ, ಕೆಲವರ ಕೈ ಮುರಿದಿದೆ. ಆದರೂ ನಿಂತ ಭಂಗಿಯಲ್ಲಿ ಬಳುಕು ಉಳಿದಿದೆ.

ಇವರ ನಡುವೆ ಒಬ್ಬಳು ಬೇರೆ. ಅವಳಿಗೆ ಕನ್ನಡಿ ಬೇಕಾಗಿಲ್ಲ. ನೋಡುವವರ ಕಡೆ ಅವಳ ಗಮನವೂ ಇಲ್ಲ. ಕೈ ಎತ್ತಿ ಫಲಕದ ಮೇಲೆ ಅಕ್ಷರ ಬರೆಯುತ್ತಿದ್ದಾಳೆ. ಓದಿದವರು ಅವಳಿಗೆ 'ಶಾಸನ ಸುಂದರಿ' ಎಂದು ಹೆಸರಿಟ್ಟಿದ್ದಾರೆ.

"ಮುತ್ಯಾ, ಇಕಿ ಏನ್ ಬರೀಲತ್ತಾಳ?" ಎಂದಳು ಮೊಮ್ಮಗಳು.

ಆ ಬರಹ ಸಂಸ್ಕೃತದ್ದು. ಏಳು ದ್ವೀಪಗಳ ಈ ಭೂಮಿಯೆಲ್ಲ ಚಾಲುಕ್ಯ ವಿಕ್ರಮಾದಿತ್ಯನ ವಶವಾಗುವುದು ಎಂಬುದು ಅದರ ತಾತ್ಪರ್ಯ. ಹಾಗೆಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ಹಂಗಾದ್ರ ಇದು ರಾಜಾನ ಮಾತು. ಇಕಿ ಮಾತು ಎಲ್ಲದ?" ಎಂದು ಕೇಳಿದಳು.

ಅಷ್ಟರಲ್ಲಿ ಅಕ್ಕ ಕೋಲೂರಿಕೊಂಡು ಹೊರಗೆ ಬಂದಳು. ನಾವು ತೋರಿಸಿದ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. ಅವಳು ಕೇಳಿದ್ದು ಇನ್ನೊಂದು ಪ್ರಶ್ನೆ.

"ಏ ತಮ್ಮಾ, ಇಕಿಗಿ ಸಾಲಿಗಿ ಯಾರ್ ಕಳ್ಸಿದ್ರು?"

ಅಕ್ಕನ ಪ್ರಶ್ನೆಯ ಹಿಂದೆ

ಮಕ್ಕಳೇ, ಆ ಪ್ರಶ್ನೆ ಅರ್ಥವಾಗಬೇಕಾದರೆ ನಮ್ಮ ಸೀಮೆಯ ಕಥೆ ತುಸು ಗೊತ್ತಿರಬೇಕು. ಬೀದರ ಜಿಲ್ಲೆ ಆಗ ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು. ಶಾಲೆಯೂ ಉರ್ದುವಿನದೇ. ಅದೂ ಎಲ್ಲ ಹಳ್ಳಿಗಳಲ್ಲಿ ಇರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ರಾಜ್ಯ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಬೀದರ ಆಗಿನ ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ ಬಂತು. ಉದಗೀರ, ನಿಲಂಗಾದಂಥ ತಾಲ್ಲೂಕುಗಳು ಮರಾಠಿ ಸೀಮೆಗೆ ಹೋದವು.

ಅಕ್ಕ ಶಾಲೆಗೆ ಹೋಗುವ ವಯಸ್ಸಿನಲ್ಲಿ ನಮ್ಮೂರಲ್ಲಿ ಕನ್ನಡ ಶಾಲೆ ಇರಲಿಲ್ಲ. ನನ್ನ ವಯಸ್ಸಿಗೆ ಬಂತು. ಆ ಹೊತ್ತಿಗೆ ಅವಳು ನೀರು ಹೊರುತ್ತಿದ್ದಳು, ಬೀಸುತ್ತಿದ್ದಳು, ನನ್ನ ಪಾಟಿಗೆ ಸುಣ್ಣದ ಬಳಪ ಹುಡುಕಿ ಕೊಡುತ್ತಿದ್ದಳು. ಸಂಜೆ ನಾನು ಬಾಯಿಪಾಠ ಒಪ್ಪಿಸುವಾಗ ಒಲೆಯ ಮುಂದೆ ಕುಳಿತು ಕೇಳಿಸಿಕೊಂಡು ಮಗ್ಗಿ ನನಗಿಂತ ಮೊದಲು ಕಲಿತಳು. ಅಕ್ಷರ ಮಾತ್ರ ಅವಳಿಗೆ ಸಿಗಲಿಲ್ಲ. ಈಗಲೂ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ. ಒಂಬೈನೂರು ವರ್ಷದ ಹಿಂದಿನ ಒಬ್ಬ ಹುಡುಗಿ ಕೈ ಎತ್ತಿ ಬರೆಯುವುದನ್ನು ಕಂಡಾಗ ಅವಳಿಗೆ ಬೇರೆ ಏನು ಕೇಳಬೇಕೆನಿಸೀತು?

ನಾನು ತಿಳಿದಷ್ಟು ಹೇಳಿದೆ. ವಿಕ್ರಮಾದಿತ್ಯನ ರಾಣಿಯರಲ್ಲಿ ಕೆಲವರು ನಾಡಿನ ಭಾಗಗಳ ಆಡಳಿತವನ್ನೇ ನೋಡಿಕೊಳ್ಳುತ್ತಿದ್ದರು. ಚಂದಲದೇವಿ ನೃತ್ಯ, ಸಂಗೀತಗಳಲ್ಲಿ ಹೆಸರಾದವಳು. ಅಂಥವರ ಕಾಲದಲ್ಲಿ ಬರೆಯಬಲ್ಲ ಹೆಣ್ಣು ಶಿಲ್ಪಿಯ ಕಣ್ಣಿಗೆ ಬಿದ್ದಿದ್ದರೆ ಆಶ್ಚರ್ಯವಿಲ್ಲ. ಅಕ್ಕ ತಲೆಯಾಡಿಸಿ, "ರಾಣಿ ಮನಿ ಮಕ್ಕಳು, ಕಲ್ತಾರ" ಎಂದಳು. ಕಲ್ಲಿನ ಹುಡುಗಿಯ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಕಡಲ ತೀರದ ಒಂದು ಗುಡಿ

ಮರದ ನೆರಳಲ್ಲಿ ಕುಳಿತು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಿನ್ನುವಾಗ ಮೊಮ್ಮಗಳು ಮತ್ತೊಂದು ಪ್ರಶ್ನೆ ತೆಗೆದಳು. "ಮೂಗು ಸವೆದಂಗ ಅಕ್ಷರಾನೂ ಸವೆದ್ರ ಏನ್ ಮಾಡ್ಬೇಕು?"

ಆಗ ನನಗೆ ಜಪಾನ್ ದೇಶದ ಒಂದು ಗುಡಿಯ ವಿಚಾರ ನೆನಪಿಗೆ ಬಂತು. ಅಲ್ಲಿ ಇಸೆ ಎಂಬ ಊರಿದೆ, ಕಡಲಿಗೆ ಹತ್ತಿರ. ಶಿಂತೋ ಧರ್ಮದವರಿಗೆ ಅದು ಬಹಳ ದೊಡ್ಡ ಕ್ಷೇತ್ರ. ಸೂರ್ಯದೇವತೆ ಅಮತೆರಾಸು ಅಲ್ಲಿ ನೆಲೆಸಿದ್ದಾಳೆಂದು ನಂಬುತ್ತಾರೆ. ನಾವು ಗುಡಿಗೆ ಹೋಗುವಾಗ ಕಾಲು ತೊಳೆಯುವಂತೆ ಅವರು ಕೈ ತೊಳೆದು ಬಾಯಿ ಮುಕ್ಕಳಿಸಿ ಒಳಗೆ ಹೋಗುತ್ತಾರೆ. ಅಲ್ಲಿಯ ಅನೇಕ ಶಿಂತೋ ಗುಡಿಗಳಲ್ಲಿ ಜನ ತಮ್ಮ ಹರಕೆಯನ್ನು ಚಿಕ್ಕ ಮರದ ಹಲಗೆಯ ಮೇಲೆ ಬರೆದು ತೂಗುಹಾಕುತ್ತಾರೆ. ಪರೀಕ್ಷೆ ಪಾಸಾಗಲಿ ಎಂದು ಬರೆಯುವ ಮಕ್ಕಳೇ ಬಹಳ!

ಇಸೆಯ ಗುಡಿ ಮರದ್ದು. ಮರ ಹಾಳಾಗುತ್ತದಲ್ಲ? ಅದಕ್ಕೆ ಅವರು 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಅದೇ ಅಳತೆಯ ಹೊಸ ಗುಡಿ ಕಟ್ಟಿ, ಹಳೆಯದನ್ನು ಬಿಚ್ಚುತ್ತಾರೆ. ನಡುವೆ ಯುದ್ಧಗಳಿಂದ ನಿಂತದ್ದುಂಟು. ಆದರೂ ಸಾವಿರಕ್ಕೂ ಹೆಚ್ಚು ವರ್ಷದಿಂದ ಈ ಪದ್ಧತಿ ನಡೆದುಬಂದಿದೆ. ಕೊನೆಯ ಬಾರಿ ಕಟ್ಟಿದ್ದು 2013ರಲ್ಲಿ, 62ನೆಯ ಸಲ. ಗುಡಿ ಹೊಸದು, ಕಟ್ಟುವ ವಿದ್ಯೆ ಹಳೆಯದು. 20 ವರ್ಷಕ್ಕೊಮ್ಮೆ ಕಟ್ಟುವುದರಿಂದ ಮುದುಕ ಬಡಗಿ ತನ್ನ ಕೈಗುಣವನ್ನು ಹರೆಯದವನಿಗೆ ಕೊಟ್ಟು ಹೋಗಲು ಸಾಧ್ಯವಾಗುತ್ತದೆ.

"ನಮ್ಮದು ಕಲ್ಲು, ಬಾಳಕಿ ಬರ್ತದ" ಎಂದಳು ಅಕ್ಕ. ಹೌದು, ಬಾಳಿಕೆ ಬರುತ್ತದೆ. ಆದರೆ ಬಾಳಿಕೆ ಬಾರದ ವಸ್ತುವಿನ ಮೇಲೆ ಬರೆದ ಮಾತುಗಳೂ ಇದೇ ಸೀಮೆಯಲ್ಲಿ ಹುಟ್ಟಿ ಇಂದಿಗೂ ಉಳಿದಿವೆ. ಅದನ್ನು ನೋಡಲು ಕಲ್ಯಾಣಕ್ಕೆ ಹೋಗಬೇಕಿತ್ತು.

ಎಲ್ಲರನ್ನೂ ಕರೆದ ಊರು

ಹುಮನಾಬಾದ್‌ಗೆ ಮರಳಿ ವೀರಭದ್ರೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿದೆವು. ಜನವರಿಯಲ್ಲಿ ಇಲ್ಲಿ ದೊಡ್ಡ ಜಾತ್ರೆ. ಪಕ್ಕದಲ್ಲೇ ಮಾಣಿಕನಗರ. 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸ್ಥಾನ ಅದು. ಎಲ್ಲ ಮತಗಳೂ ಒಂದೇ ದೇವರ ದಾರಿಗಳು ಎನ್ನುವ 'ಸಕಲಮತ' ಸಂಪ್ರದಾಯ ಅವರದು. ದತ್ತ ಜಯಂತಿಯ ಹೊತ್ತಿಗೆ ಬಂದರೆ ರಾತ್ರಿಯಿಡೀ ಸಂಗೀತ ಕೇಳಬಹುದು.

ಮರುದಿನ ಬಸವಕಲ್ಯಾಣ. ಹುಮನಾಬಾದ್‌ನಿಂದ ಸುಮಾರು 30 ಕಿಲೋಮೀಟರ್. ಊರು ಹತ್ತಿರವಾಗುತ್ತಲೇ 108 ಅಡಿ ಎತ್ತರದ ಬಸವಣ್ಣನ ಮೂರ್ತಿ ಕಾಣುತ್ತದೆ. ಮೊಮ್ಮಗಳು ಅದನ್ನು ನೋಡಿ ಬಾಯಿ ತೆರೆದಳು. ಊರೊಳಗೆ ಕೋಟೆಯಿದೆ, ಬಸವೇಶ್ವರ ದೇವಸ್ಥಾನವಿದೆ, ಹುಲಿ ಸವಾರಿಯ ಹೆಸರು ಪಡೆದ ರಾಜಾ ಬಾಗ್ ಸವಾರ್ ದರ್ಗಾ ಇದೆ, ತ್ರಿಪುರಾಂತಕ ಕೆರೆಯಿದೆ, ಅನುಭವ ಮಂಟಪವಿದೆ. ಹೊಸದೊಂದು ಭಾರಿ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದ್ದಾರೆ.

ನನಗೆ ಇಷ್ಟವಾದದ್ದು ಇಲ್ಲಿಯ ಒಂದು ಓಣಿಯ ಹೆಸರು: 'ಬಂದವರ ಓಣಿ'. ಹೊರಊರುಗಳಿಂದ ಕಲ್ಯಾಣಕ್ಕೆ ಬಂದವರನ್ನು ಎದುರುಗೊಂಡ ಜಾಗ ಎಂದು ಜನ ಹೇಳುತ್ತಾರೆ. ಎಲ್ಲಿಂದೆಲ್ಲ ಬಂದಿದ್ದರು! ಉಡುತಡಿಯಿಂದ ಅಕ್ಕಮಹಾದೇವಿ ನಡೆದು ಬಂದಳು. ಸೊನ್ನಲಿಗೆಯಿಂದ ಸಿದ್ಧರಾಮ ಬಂದ. ಕಾಶ್ಮೀರದ ಅರಸನೊಬ್ಬ ಹೆಂಡತಿಯ ಜೊತೆ ಬಂದು ಸೌದೆ ಮಾರಿ ಬದುಕಿದ, ಅವನೇ ಮೋಳಿಗೆಯ ಮಾರಯ್ಯ ಎಂದು ಪರಂಪರೆ ಹೇಳುತ್ತದೆ. ವಿಕ್ರಮಾದಿತ್ಯನ ಕಾಲದಲ್ಲಿ ಕಾಶ್ಮೀರದಿಂದ ಬಂದವನು ಅರಸನನ್ನು ಹೊಗಳಿ ಕಾವ್ಯ ಬರೆದ. ಕೆಲವೇ ದಶಕಗಳ ಮೇಲೆ ಅಲ್ಲಿಂದಲೇ ಬಂದ ಇನ್ನೊಬ್ಬ ಅರಸುತನ ಬಿಟ್ಟು ಸೌದೆ ಹೊತ್ತ. ಊರು ಒಂದೇ, ಕಾಲ ಎಷ್ಟು ಬೇಗ ಹೊರಳಿತು ನೋಡಿ.

ವಿಕ್ರಮಾದಿತ್ಯ ತೀರಿಕೊಂಡದ್ದು 1126ರಲ್ಲಿ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಕಲ್ಯಾಣ ಕಳಚೂರಿ ಬಿಜ್ಜಳನ ಕೈಗೆ ಬಂದಿತ್ತು. ಬಸವಣ್ಣ ಅವನ ಭಂಡಾರಿ. ಆ ದಿನಗಳಲ್ಲಿ ಮಡಿವಾಳ, ಅಂಬಿಗ, ಹಗ್ಗ ಹೊಸೆಯುವವ, ಚಮ್ಮಾರ, ಎಲ್ಲರೂ ಒಟ್ಟಿಗೆ ಕುಳಿತು ಮಾತಾಡಿದರು. ಆಡಿದ್ದನ್ನು ವಚನವಾಗಿ ಬರೆದರು. ಬರೆದದ್ದು ಕನ್ನಡದಲ್ಲಿ.

ಮೊಮ್ಮಗಳು ಜಲಸಂಗಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಬರೆದವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಹೆಂಗಸರು. ರಾಣಿ ಮನೆಯ ಮಕ್ಕಳಲ್ಲ. ಕದಿರೆ ರೆಮ್ಮವ್ವೆ ನೂಲು ತೆಗೆಯುವವಳು. ಸತ್ಯಕ್ಕ, ಕಾಳವ್ವೆ, ಮುಕ್ತಾಯಕ್ಕ ಎಲ್ಲರೂ ತಮ್ಮ ತಮ್ಮ ಮಾತು ಬರೆದರು. ಬಸವಣ್ಣನ ಅಕ್ಕ ನಾಗಮ್ಮನ ಹೆಸರಿನ ಗವಿ ಇಲ್ಲಿದೆ. ಅಕ್ಕ ಅದರ ಮುಂದೆ ಕುಳಿತು ದಣಿವಾರಿಸಿಕೊಳ್ಳುವಾಗ ಮೊಮ್ಮಗಳಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದಳು.

ಲಕ್ಕಮ್ಮನ ಗಂಡ ಮಾರಯ್ಯ ಬಸವಣ್ಣನ ಮಹಾಮನೆಯ ಮುಂದೆ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಅದರಲ್ಲೇ ದಾಸೋಹ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಮೊರದಲ್ಲಿ ನೋಡಿದವಳೇ, ಇಂದಿಗೆ ಬೇಕಾದಷ್ಟು ಸಾಕು, ಮಿಕ್ಕದ್ದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು.

"ಆಯಿ, ಇದು ಯಾವ ಪುಸ್ತಕದಾಗ ಅದಾ?" ಎಂದು ಮೊಮ್ಮಗಳು ಕೇಳಿದಳು.

"ಪುಸ್ತಕ ಯಾಕ ಬೇಕು? ನಮ್ಮವ್ವ ಹೇಳ್ಯಾಳ. ಅವರವ್ವ ಅಕಿಗಿ ಹೇಳಿದ್ಳು."

ಓಲೆಗರಿಯ ದಾರಿ

ಕಲ್ಯಾಣದ ಆ ದಿನಗಳು ಹೆಚ್ಚು ಕಾಲ ನಿಲ್ಲಲಿಲ್ಲ. ಬ್ರಾಹ್ಮಣ ಮಧುವರಸನ ಮಗಳಿಗೂ ಚಮ್ಮಾರ ಹರಳಯ್ಯನ ಮಗನಿಗೂ ಮದುವೆಯಾಯಿತು. ಊರು ಎರಡು ಪಾಲಾಯಿತು. ಹರಳಯ್ಯ, ಮಧುವರಸರಿಗೆ ಕ್ರೂರ ಶಿಕ್ಷೆ ಕೊಟ್ಟು ಕೊಂದರು. ರಕ್ತ ಹರಿಯಿತು, ಬಿಜ್ಜಳನೂ ಕೊಲೆಯಾದ. ಶರಣರು ದಿಕ್ಕಿಗೊಬ್ಬರಂತೆ ಚದುರಿದರು. ಅಕ್ಕನಾಗಮ್ಮನೂ ಅವಳ ಮಗ ಚನ್ನಬಸವಣ್ಣನೂ ಇದ್ದ ಗುಂಪು ಕಾಡು ದಾರಿ ಹಿಡಿದು ಉಳವಿಯ ಕಡೆ ಹೋಯಿತು. ಹೆಗಲ ಮೇಲೆ ವಚನದ ಕಟ್ಟುಗಳಿದ್ದವು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ.

ಆ ಕಟ್ಟುಗಳು ಕಲ್ಲಲ್ಲ, ತಾಳೆಯ ಗರಿ. ಕಂಠದಿಂದ ಕೊರೆದು, ಕಾಡಿಗೆ ತಿಕ್ಕಿ ಬರೆದದ್ದು. ಹುಳ ತಿನ್ನುತ್ತದೆ, ಅಂಚು ಮುರಿಯುತ್ತದೆ, ಕೆಲವು ತಲೆಮಾರು ಕಳೆದರೆ ಪುಡಿಯಾಗುತ್ತದೆ. ಆದ್ದರಿಂದ ಯಾರಾದರೂ ಕುಳಿತು ಹೊಸ ಗರಿಯ ಮೇಲೆ ಪ್ರತಿ ಮಾಡಬೇಕಿತ್ತು. ಮಾಡಿದರು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಶರಣರು ವಚನಗಳನ್ನು ಹುಡುಕಿ ಕೂಡಿಸಿದರು. ಆಮೇಲೆ ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ಪೂಜೆಯ ಕಟ್ಟುಗಳಾಗಿ ಉಳಿದವು. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದರು. ಮುಂದೆ ಈ ಕೆಲಸಕ್ಕೆಂದೇ ಸ್ವಂತ ಛಾಪಖಾನೆ ಇಟ್ಟರು.

ಇಸೆಯ ಬಡಗಿಗಳು ಗುಡಿಗೆ ಮಾಡಿದ್ದನ್ನೇ ನಮ್ಮವರು ಮಾತಿಗೆ ಮಾಡಿದರು. ಹಳೆಯದು ಹಾಳಾಗುವ ಮೊದಲು ಮತ್ತೆ ಬರೆದರು. ಲಕ್ಕಮ್ಮನ ಮಾತು ಇಂದು ಪಠ್ಯಪುಸ್ತಕದಲ್ಲಿ ಸಿಗುತ್ತಿದ್ದರೆ ನಡುವೆ ಹೆಸರಿಲ್ಲದ ಎಷ್ಟೋ ಕೈಗಳು ದುಡಿದಿವೆ.

ತ್ರಿಪುರಾಂತಕ ಕೆರೆಯ ದಂಡೆಯಲ್ಲಿ ಇದನ್ನೆಲ್ಲ ಹೇಳಿ ಮುಗಿಸಿದಾಗ ಅಕ್ಕ ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಒಂದು ಬೀಸುವ ಹಾಡು ಎತ್ತಿಕೊಂಡಳು. ಕಲ್ಯಾಣದ ಬಸವಯ್ಯನನ್ನು ನೆನೆದು ರಾಗಿಕಲ್ಲು ತಿರುಗಿಸುವ ಹಾಡು. ಚಿಕ್ಕಂದಿನಲ್ಲಿ ನಸುಕಿನಲ್ಲಿ ಆ ದನಿಗೇ ನನಗೆ ಎಚ್ಚರವಾಗುತ್ತಿತ್ತು. ಎರಡು ನುಡಿ ಹಾಡಿದಳು. ಮೂರನೆಯದರ ನಡುವೆ ನಿಂತಳು. ಮತ್ತೆ ಮೊದಲಿನಿಂದ ಹಾಡಿದಳು, ಅಲ್ಲಿಗೇ ಬಂದು ನಿಂತಳು.

"ಮುಂದಿಂದು ನೆನಪಾಗವಲ್ದು" ಎಂದಳು.

ಆ ಮುಂದಿನ ನುಡಿ ನನಗೂ ಗೊತ್ತಿಲ್ಲ. ನಮ್ಮವ್ವ ಇಲ್ಲ. ಅಕ್ಕನ ಜೊತೆ ಬೀಸಿದ ಗೆಳತಿಯರಲ್ಲಿ ಒಬ್ಬರೂ ಉಳಿದಿಲ್ಲ. ಅದು ಬರೆದಿಟ್ಟ ಹಾಡಲ್ಲ. ಹೋದದ್ದು ಹೋಯಿತು.

ಮೊಮ್ಮಗಳು ಚೀಲದಿಂದ ನೋಟ್‌ಬುಕ್ ತೆಗೆದಳು. ಗಣಿತದ ನೋಟ್‌ಬುಕ್ಕು, ಹಿಂದಿನ ಹಾಳೆಗಳು ಖಾಲಿ ಇದ್ದವು. "ಆಯಿ, ನೆನಪಿದ್ದಷ್ಟು ಹೇಳು. ಸಾವಕಾಶ ಹೇಳು" ಎಂದಳು. ಅಕ್ಕ ಹಾಡುವುದು ಬಿಟ್ಟು ಹೇಳಲು ಹೋದರೆ ಪದ ಬಾಯಿಗೆ ಬರಲೊಲ್ಲದು. ಕೈ ಬೀಸುವಂತೆ ಆಡಿಸುತ್ತ ಹಾಡಿದರೇ ಬರುತ್ತದೆ. ಹಾಗಾಗಿ ಒಂದು ಸಾಲಿಗೆ ಮೂರು ಸಲ ಹಾಡಬೇಕಾಯಿತು. ಹುಡುಗಿಗೆ ತಿಳಿಯದ ಮಾತು ಬಂದಾಗಲೆಲ್ಲ ನಿಲ್ಲಿಸಿ ಕೇಳುತ್ತಿದ್ದಳು. 'ಗೂಟ' ಯಾವುದು, 'ಒಕ್ಕಲು' ಅಂದರೇನು? ಬರೆದು ಮುಗಿದ ಮೇಲೆ ಗಟ್ಟಿಯಾಗಿ ಓದಿ ತೋರಿಸಿದಳು. ಅಕ್ಕ ಎರಡು ಕಡೆ ತಿದ್ದಿದಳು. ಓದಲು ಬಾರದ ಅಕ್ಕ ತಿದ್ದಿದ್ದು ಸರಿಯಾಗಿತ್ತು. ರಜೆ ಮುಗಿಯುವ ಹೊತ್ತಿಗೆ ಆ ನೋಟ್‌ಬುಕ್ಕಿನಲ್ಲಿ ಹನ್ನೊಂದು ಹಾಡು ಸೇರಿದ್ದವು. ಐದು ಪೂರ್ತಿ, ಆರು ಅರ್ಧ.

ಹೋಗುವವರಿಗೆ

ಬೀದರ–ಕಲಬುರಗಿ ರೈಲು ದಾರಿ 2017ರಲ್ಲಿ ಶುರುವಾದ ಮೇಲೆ ಹುಮನಾಬಾದ್‌ಗೆ ರೈಲಿನಲ್ಲೂ ಬರಬಹುದು. ಬಸವಕಲ್ಯಾಣಕ್ಕೆ ರೈಲು ಇಲ್ಲ. ಹುಮನಾಬಾದ್‌ನಿಂದ ಬಸ್ಸಿನಲ್ಲಿ ಹೋಗಬೇಕು. ಜಲಸಂಗಿಗೆ ಆಟೊ ಅಥವಾ ಸ್ವಂತ ಗಾಡಿ ಅನುಕೂಲ. ಬೇಸಿಗೆಯಲ್ಲಿ ಬಿಸಿಲು ಉರಿಯುತ್ತದೆ. ದಸರಾದಿಂದ ಸಂಕ್ರಾಂತಿಯವರೆಗೆ ಒಳ್ಳೆಯ ಕಾಲ. ಬೆಳಗಿನ ಓರೆ ಬಿಸಿಲಿನಲ್ಲಿ ಶಿಲ್ಪಗಳ ಕೆತ್ತನೆ ಚೆನ್ನಾಗಿ ಎದ್ದು ಕಾಣುತ್ತದೆ. ಬಸವಕಲ್ಯಾಣದಲ್ಲಿ ಗವಿಗಳು ದೂರದೂರ ಇವೆ, ಹಿರಿಯರಿದ್ದರೆ ಒಂದು ಇಡೀ ದಿನ ಇಟ್ಟುಕೊಳ್ಳಿ. ಕಲ್ಲಿನ ಮೇಲೆ ಹೆಸರು ಗೀಚಬೇಡಿ. ಬರೆಯುವ ಆಸೆಯಾದರೆ ಒಂದು ನೋಟ್‌ಬುಕ್ ಒಯ್ಯಿರಿ. ಅಜ್ಜಿ ಜೊತೆಗಿದ್ದರೆ ಎರಡು ಒಯ್ಯಿರಿ.